ಭಯವೊಂದು ಬಿಟ್ಟು ಉಳಿದೆಲ್ಲ: ಎಸ್.ಎಂ. ಎಂಬ ರೋಗಿಯ ಪ್ರಕರಣ ಅಧ್ಯಯನ

ವೈದ್ಯಕೀಯ ಸಾಹಿತ್ಯದಲ್ಲಿ ಆಕೆಗಿರುವ ಹೆಸರು ಎರಡೇ ಅಕ್ಷರ: ಎಸ್.ಎಂ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ನರವಿಜ್ಞಾನಿಗಳು ಆಕೆಯ ಬಗ್ಗೆ ಮೊದಲ ವರದಿ ಪ್ರಕಟಿಸಿದ್ದು 1990ರಲ್ಲಿ. ಆಮೇಲೆ ಡೇನಿಯಲ್ ಟ್ರ್ಯಾನೆಲ್, ಆಂಟೋನಿಯೊ ಡಮಾಸಿಯೊ, ರಾಲ್ಫ್ ಅಡಾಲ್ಫ್ಸ್, ಜಸ್ಟಿನ್ ಫೈನ್‌ಸ್ಟೈನ್ ಹೀಗೆ ಒಬ್ಬರ ಹಿಂದೊಬ್ಬರು ಆಕೆಯನ್ನು ಪರೀಕ್ಷಿಸುತ್ತ ಬಂದರು. ಆಕೆಗೆ ಸಿಟ್ಟು ಬರುತ್ತದೆ, ದುಃಖವಾಗುತ್ತದೆ, ಅಸಹ್ಯವಾಗುತ್ತದೆ, ನಗು ಬರುತ್ತದೆ. ಹೆದರಿಕೆ ಮಾತ್ರ ಆಗುವುದಿಲ್ಲ.

ಭಾವನೆ ಹೇಗೆ ಹುಟ್ಟುತ್ತದೆ, ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಆರೋಗ್ಯವಂತರನ್ನು ನೋಡಿ ಹೇಳುವುದು ಕಷ್ಟ. ಅವರಲ್ಲಿ ಅಪಾಯದ ಗುರುತು, ಎದೆಬಡಿತ, ದಿಗಿಲು, ಓಟ, ನೆನಪು ಎಲ್ಲವೂ ಒಂದೇ ಉಸಿರಿನಲ್ಲಿ ನಡೆದುಹೋಗುತ್ತವೆ. ಯಾವುದು ಮೊದಲು, ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸಲಾಗದು. ಎಸ್.ಎಂ. ಪ್ರಕರಣದಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಕಾಣಿಸಿಕೊಂಡವು. ಅದಕ್ಕಾಗಿಯೇ ಒಬ್ಬಳೇ ರೋಗಿಯ ಮೇಲೆ ಇಷ್ಟೊಂದು ಸಂಶೋಧನಾ ಪ್ರಬಂಧಗಳು ಬಂದಿವೆ.

ಕಾಯಿಲೆ ಮತ್ತು ಹಾನಿ

ಆಕೆಗಿರುವುದು ಉರ್ಬಾಕ್-ವೀಥೆ ಕಾಯಿಲೆ. 1929ರಲ್ಲಿ ಒಬ್ಬ ಚರ್ಮತಜ್ಞ ಮತ್ತು ಒಬ್ಬ ಕಿವಿ-ಮೂಗು-ಗಂಟಲು ತಜ್ಞ ಸೇರಿ ವಿವರಿಸಿದ ಈ ರೋಗ ಅತಿ ಅಪರೂಪದ್ದು. ಒಂದನೇ ವರ್ಣತಂತುವಿನಲ್ಲಿರುವ ಇಸಿಎಂ1 ಎಂಬ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಜೀನ್ ಪತ್ತೆಯಾದದ್ದು 2002ರಲ್ಲಿ. ಗಾಜಿನಂಥ ಪಾರದರ್ಶಕ ವಸ್ತು ಚರ್ಮದಲ್ಲೂ ಧ್ವನಿಪೆಟ್ಟಿಗೆಯಲ್ಲೂ ಶೇಖರವಾಗುತ್ತದೆ. ಹಾಗಾಗಿ ಶೈಶವದಿಂದಲೇ ಗೊಗ್ಗರು ದನಿ, ರೆಪ್ಪೆಯ ಅಂಚಿನುದ್ದಕ್ಕೂ ಮಣಿಗಳಂಥ ಗುಳ್ಳೆಸಾಲು, ಬೇಗ ಗಾಯವಾಗಿ ದಪ್ಪಗೆ ಮಾಯುವ ಚರ್ಮ. ಈ ರೋಗಿಗಳಲ್ಲಿ ಹಲವರಿಗೆ ಮಿದುಳಿನ ಕಪೋಲ ಹಾಲೆಯ ಒಳಭಾಗದಲ್ಲಿ ಸುಣ್ಣದ ಅಂಶ ಕೂಡುತ್ತದೆ. ಎಸ್.ಎಂ.ಗೆ ಅದು ಕೂಡಿದ ಜಾಗ ಎಡ ಬಲ ಎರಡೂ ಕಡೆಯ ಅಮಿಗ್ಡಲಾ ಎಂಬ ನರಕೋಶಗಳ ಸಣ್ಣ ಗಂಟು.

ಒಂದೊಂದು ಅಮಿಗ್ಡಲಾದ ಗಾತ್ರ ಒಂದೂವರೆ ಘನ ಸೆಂಟಿಮೀಟರ್ ಆಸುಪಾಸು. ಹೊರಗೆ ಒಂದೇ ಗಂಟಿನಂತೆ ಕಂಡರೂ ಒಳಗೆ ಹತ್ತಕ್ಕೂ ಹೆಚ್ಚು ನರಕೋಶ ಗುಂಪುಗಳಿವೆ. ಪಾರ್ಶ್ವದ ಗುಂಪಿಗೆ ಕಣ್ಣು, ಕಿವಿ, ಚರ್ಮಗಳ ಮಾಹಿತಿ ಬಂದು ಸೇರುತ್ತದೆ. ಕೇಂದ್ರದ ಗುಂಪಿನಿಂದ ಹೊರಟ ತಂತುಗಳು ಹೈಪೊಥಲಾಮಸ್‌ಗೂ ಮಿದುಳುಕಾಂಡಕ್ಕೂ ಹೋಗಿ ಹೃದಯ, ಬೆವರುಗ್ರಂಥಿ, ಸ್ನಾಯು, ಅಡ್ರಿನಲಿನ್‌ಗಳನ್ನು ಎಚ್ಚರಿಸುತ್ತವೆ. ಎಸ್.ಎಂ.ಳಲ್ಲಿ ಈ ಇಡೀ ಮಧ್ಯವರ್ತಿ ಇಲ್ಲವಾಗಿದೆ. ಪಕ್ಕದಲ್ಲೇ ಇರುವ, ಘಟನೆಗಳನ್ನು ನೆನಪಿಡುವ ಹಿಪೊಕ್ಯಾಂಪಸ್ ಮಾತ್ರ ಉಳಿದುಕೊಂಡಿದೆ. ಇಷ್ಟು ಚೊಕ್ಕವಾಗಿ ಒಂದೇ ಅಂಗಕ್ಕೆ ಸೀಮಿತವಾದ ಹಾನಿ ಪಾರ್ಶ್ವವಾಯುವಿನಲ್ಲಾಗಲಿ ಅಪಘಾತದಲ್ಲಾಗಲಿ ಸಿಗುವುದು ತೀರಾ ವಿರಳ.

ಹಾನಿ ಹುಟ್ಟಿನಿಂದ ಬಂದದ್ದಲ್ಲ, ಬಾಲ್ಯದಲ್ಲಿ ಕ್ರಮೇಣ ಆದದ್ದು ಎಂಬ ಅಂದಾಜಿದೆ. ಚಿಕ್ಕವಳಿದ್ದಾಗ ಡಾಬರ್‌ಮನ್ ನಾಯಿಯೊಂದು ಗುರುಗುಟ್ಟುತ್ತ ಅಡ್ಡಗಟ್ಟಿದ್ದಕ್ಕೆ ಹೆದರಿದ್ದು ಆಕೆಗೆ ನೆನಪಿದೆ. ಹೆದರಿಕೆ ಎಂದರೆ ಏನೆಂದು ತಿಳಿದಿದ್ದೂ ಈಗ ಅದು ಬಾರದು ಎಂಬ ಸ್ಥಿತಿ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಮುಖದಲ್ಲಿ ಭಯ ಕಾಣದಿರುವುದು

1994ರಲ್ಲಿ ಅಡಾಲ್ಫ್ಸ್ ತಂಡ ಆಕೆಗೆ ಬೇರೆ ಬೇರೆ ಭಾವದ ಮುಖಗಳ ಚಿತ್ರ ತೋರಿಸಿತು. ಸಂತೋಷದ ಮುಖವನ್ನು ಆಕೆ ಸುಲಭವಾಗಿ ಗುರುತಿಸಿದಳು. ಭಯದ ಮುಖ ಬಂದಾಗ ತಡವರಿಸಿದಳು: ಏನೋ ಭಾವವಿದೆ, ಯಾವುದೆಂದು ಹೇಳಲಾರಳು. ಮುಖ ಯಾರದೆಂದು ಗುರುತಿಸುವುದರಲ್ಲಿ ತೊಂದರೆಯಿರಲಿಲ್ಲ. ಚಿತ್ರ ಬಿಡಿಸುವುದು ಆಕೆಗೆ ಚೆನ್ನಾಗಿ ಬರುತ್ತದೆ. ಒಂದೊಂದು ಭಾವದ ಮುಖ ಬರೆಯಲು ಹೇಳಿದಾಗ ಉಳಿದವನ್ನೆಲ್ಲ ಚೊಕ್ಕವಾಗಿ ಬರೆದು, ಭಯಕ್ಕೆ ಬಂದಾಗ ಮುಖ ಹೇಗಿರುತ್ತದೆಂದು ತಿಳಿಯದೆ, ಕೂದಲು ನಿಮಿರಿ ತೆವಳುತ್ತಿರುವ ಒಂದು ಆಕೃತಿ ಬರೆದಳು. ಭಯದ ಸಂದರ್ಭ ಗೊತ್ತು, ಮುಖ ಗೊತ್ತಿಲ್ಲ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ‘ಅಮಿಗ್ಡಲಾ ಭಯದ ಮುಖವನ್ನು ಓದುವ ಅಂಗ’ ಎಂದೇ ಅರ್ಥಮಾಡಿಕೊಳ್ಳಲಾಗಿತ್ತು. 2005ರ ಪ್ರಯೋಗ ಈ ವಿವರಣೆಯನ್ನು ತಲೆಕೆಳಗು ಮಾಡಿತು. ಇಡೀ ಪ್ರಕರಣದಲ್ಲಿ ಅತ್ಯಂತ ಜಾಣ್ಮೆಯ ಪ್ರಯೋಗವೂ ಇದೇ. ಮುಖವನ್ನು ಪೂರ್ತಿ ಮುಚ್ಚಿ, ಅಲ್ಲಲ್ಲಿ ಸಣ್ಣ ಕಿಂಡಿಗಳನ್ನು ಯದ್ವಾತದ್ವಾ ತೆರೆದು ತೋರಿಸಿದರು. ಪ್ರತಿ ಸಲವೂ ಕಿಂಡಿಗಳ ಜಾಗ ಬೇರೆ. ಇಂಥ ನೂರಾರು ಚಿತ್ರಗಳಾದ ಮೇಲೆ, ಯಾವ ಭಾಗ ತೆರೆದಿದ್ದಾಗ ಉತ್ತರ ಸರಿಬಂತು ಎಂದು ಲೆಕ್ಕ ಹಾಕಬಹುದು. ಸಾಮಾನ್ಯರಿಗೆ ಉತ್ತರ ದೊರಕಿದ್ದು ಕಣ್ಣುಗಳಿಂದ. ಭಯದಲ್ಲಿ ಕಣ್ಣು ಅಗಲವಾಗಿ ಬಿಳಿಗುಡ್ಡೆ ಹೆಚ್ಚು ಕಾಣುವುದೇ ಮುಖ್ಯ ಸುಳಿವು. ಎಸ್.ಎಂ. ಕಣ್ಣಿನ ಮಾಹಿತಿಯನ್ನು ಬಳಸಿಕೊಳ್ಳುತ್ತಿರಲಿಲ್ಲ. ದೃಷ್ಟಿ ಎಲ್ಲಿ ನೆಡುತ್ತದೆಂದು ಅಳೆಯುವ ಉಪಕರಣದಲ್ಲಿ ಕಾರಣ ಸಿಕ್ಕಿತು: ಆಕೆ ಎದುರಿನವರ ಕಣ್ಣನ್ನು ನೋಡುವುದೇ ಇಲ್ಲ.

‘ಕಣ್ಣುಗಳನ್ನು ನೋಡಿ’ ಎಂದು ಹೇಳಿಕೊಟ್ಟಾಗ ಭಯದ ಮುಖ ಗುರುತಿಸುವ ಸಾಮರ್ಥ್ಯ ಸಾಮಾನ್ಯರ ಮಟ್ಟಕ್ಕೇ ಏರಿತು. ಸೂಚನೆ ನಿಲ್ಲಿಸಿದೊಡನೆ ಮತ್ತೆ ಕುಸಿಯಿತು. ಅಂದರೆ ಓದುವ ಶಕ್ತಿ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಹಾಗೇ ಇದೆ. ಕಳೆದುಹೋಗಿದ್ದು ‘ಇಲ್ಲಿ ನೋಡು, ಇದು ಮುಖ್ಯ’ ಎಂದು ಗಮನವನ್ನು ತಾನಾಗಿ ಎಳೆಯುವ ಒತ್ತಡ. ಭಾವನೆಯ ಮೊದಲ ಕೆಲಸ ಇದು, ಅನುಭವಕ್ಕಿಂತ ಎಷ್ಟೋ ಮುಂಚೆ ನಡೆಯುವಂಥದ್ದು: ಕಣ್ಣಿಗೆ ಬಿದ್ದ ಸಾವಿರ ವಿವರಗಳಲ್ಲಿ ಯಾವುದಕ್ಕೆ ಆದ್ಯತೆ ಎಂದು ತೀರ್ಮಾನಿಸುವುದು.

ಹಾವು, ಭೂತಬಂಗಲೆ, ಚಾಕು

ಪ್ರಯೋಗಾಲಯದ ಚಿತ್ರಗಳು ನಿಜವಾದ ಬೆದರಿಕೆಯಲ್ಲವಲ್ಲ. ಆದ್ದರಿಂದ ಫೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ಆಕೆಯನ್ನು ಹೊರಗೆ ಕರೆದೊಯ್ದರು. ವರದಿ 2011ರಲ್ಲಿ ಪ್ರಕಟವಾಯಿತು.

ಹಾವು, ಜೇಡ ಎಂದರೆ ತನಗಾಗದು ಎಂದು ಆಕೆ ವರ್ಷಗಳಿಂದ ಹೇಳುತ್ತಿದ್ದಳು. ವಿಲಕ್ಷಣ ಪ್ರಾಣಿಗಳ ಅಂಗಡಿಗೆ ಹೋದಾಗ ನೇರವಾಗಿ ಹಾವಿನ ಪೆಟ್ಟಿಗೆಗಳತ್ತಲೇ ನಡೆದಳು. ಒಂದು ಹಾವನ್ನು ಮೂರು ನಿಮಿಷಕ್ಕೂ ಹೆಚ್ಚು ಕಾಲ ಕೈಯಲ್ಲಿ ಹಿಡಿದು, ಪೊರೆ ಸವರಿ, ಚಾಚಿದ ನಾಲಗೆ ಮುಟ್ಟಿದಳು. ದೊಡ್ಡ, ಅಪಾಯಕಾರಿ ಹಾವುಗಳನ್ನೂ ಮುಟ್ಟಬಹುದೇ ಎಂದು 15 ಸಲ ಕೇಳಿದಳು. ಟರಾಂಟುಲಾ ಜೇಡವನ್ನು ಮುಟ್ಟದಂತೆ ತಡೆಯಬೇಕಾಯಿತು. ಯಾಕೆ ಹೀಗೆ ಎಂದು ಕೇಳಿದರೆ ಬಂದ ಉತ್ತರ: ಕುತೂಹಲ.

ಕೆಂಟಕಿ ರಾಜ್ಯದ ವೇವರ್ಲಿ ಹಿಲ್ಸ್ ಎಂಬ ಹಳೆಯ ಕ್ಷಯರೋಗ ಆಸ್ಪತ್ರೆಯನ್ನು ಹ್ಯಾಲೋವೀನ್ ಸಮಯದಲ್ಲಿ ಭೂತಬಂಗಲೆಯಾಗಿ ಮಾರ್ಪಡಿಸುತ್ತಿದ್ದರು. ಅಲ್ಲಿ ಆಕೆ ಗುಂಪಿನ ಮುಂದಾಳಾಗಿ ಕತ್ತಲ ಮೂಲೆಗಳಿಗೆ ನುಗ್ಗಿದಳು. ವೇಷಧಾರಿಗಳು ಎಗರಿದಾಗ ಉಳಿದವರು ಚೀರಿದರೆ ಆಕೆ ನಕ್ಕಳು. ಒಬ್ಬ ವೇಷಧಾರಿಯ ತಲೆಗೆ ಬೆರಳಿನಿಂದ ತಿವಿದು ಅವನನ್ನೇ ಬೆಚ್ಚಿಬೀಳಿಸಿದಳು. ಭಯಾನಕ ಚಲನಚಿತ್ರಗಳ ತುಣುಕು ತೋರಿಸಿದಾಗಲೂ ಹೀಗೆಯೇ. ದುಃಖದ, ಅಸಹ್ಯದ, ನಗೆಯ ತುಣುಕುಗಳಿಗೆ ಆಯಾ ಭಾವ ಬಂತು. ಭಯದವುಗಳನ್ನು ನೋಡಿ, ಬಹಳ ಜನ ಇದಕ್ಕೆ ಹೆದರುತ್ತಾರೆ ಎಂದು ತಾನೇ ಹೇಳಿ, ಒಂದು ಚಿತ್ರದ ಹೆಸರನ್ನು ಬಾಡಿಗೆಗೆ ತರಲೆಂದು ಕೇಳಿಕೊಂಡಳು.

ಇಷ್ಟು ಓದಿ ನಗು ಬರಬಹುದು. ಆಕೆಯ ಜೀವನಚರಿತ್ರೆ ನಗುವಂಥದ್ದಲ್ಲ. 30ರ ವಯಸ್ಸಿನಲ್ಲಿ, ರಾತ್ರಿ ಹೊತ್ತು, ಉದ್ಯಾನದ ಬೆಂಚಿನ ಮೇಲಿದ್ದ ಅಪರಿಚಿತನೊಬ್ಬ ಕರೆದ, ಹತ್ತಿರ ಹೋದಳು. ಅವನು ಎಳೆದು ಕುತ್ತಿಗೆಗೆ ಚಾಕು ಹಿಡಿದ. ಆಕೆ ಸಮಾಧಾನದಿಂದ ಉತ್ತರ ಕೊಟ್ಟಳು, ಅವನು ಬಿಟ್ಟ, ಆಕೆ ಓಡದೆ ನಡೆದುಕೊಂಡು ಮನೆಗೆ ಹೋದಳು. ಮರುದಿನ ಅದೇ ಉದ್ಯಾನದ ಬದಿಯಲ್ಲೇ ಹಾದುಹೋದಳು. ಬಂದೂಕಿನ ಬೆದರಿಕೆ, ಮನೆಯೊಳಗಿನ ಮಾರಣಾಂತಿಕ ಹಲ್ಲೆ, ಇವೂ ಆಕೆಯ ಬದುಕಿನಲ್ಲಿ ನಡೆದಿವೆ. ಬಡತನದ, ಅಪರಾಧ ಹೆಚ್ಚಿದ್ದ ಪ್ರದೇಶದಲ್ಲಿ ವಾಸ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಕತ್ತಲಲ್ಲಿ ಕರೆದ ಅಪರಿಚಿತನ ಬಳಿ ಹೋಗುವುದು, ಮರುದಿನವೂ ದಾರಿ ಬದಲಿಸದಿರುವುದು ಪರಿಸರದಿಂದಷ್ಟೇ ವಿವರಿಸಬಹುದಾದ ಸಂಗತಿಯಲ್ಲ.

ಹಾವು ಕಚ್ಚುತ್ತದೆ, ಚಾಕು ಕೊಲ್ಲುತ್ತದೆ ಎಂದು ಆಕೆಗೆ ಗೊತ್ತು. ಕೇಳಿದರೆ ಸರಿಯಾಗಿ ಹೇಳುತ್ತಾಳೆ. ತಿಳುವಳಿಕೆಗೆ ಕಾಲನ್ನು ಹಿಂದೆಳೆಯುವ ಬಲವಿಲ್ಲ. ಆ ಬಲ ಬರುವುದು ಭಾವನೆಯಿಂದ. ಇದನ್ನು ಇಷ್ಟು ಖಚಿತವಾಗಿ ತೋರಿಸಿದ ಇನ್ನೊಂದು ಪ್ರಕರಣ ಹುಡುಕುವುದು ಕಷ್ಟ.

ಕಲಿಕೆ, ಅಂತರ, ನಷ್ಟ

1995ರಲ್ಲಿ ಆಂಟೊಯಿನ್ ಬೆಚಾರಾ ಮತ್ತು ಸಂಗಡಿಗರು ಮೂವರು ರೋಗಿಗಳನ್ನು ಹೋಲಿಸಿದರು. ಬಣ್ಣದ ಸ್ಲೈಡ್‌ಗಳು ಒಂದಾದ ಮೇಲೊಂದು ಬರುತ್ತವೆ. ಒಂದು ನಿರ್ದಿಷ್ಟ ಬಣ್ಣ ಬಂದಾಗ ಮಾತ್ರ ಹಡಗಿನ ಹಾರ್ನ್ ಕಿವಿಗಡಚಿಕ್ಕುವಂತೆ ಮೊಳಗುತ್ತದೆ. ಅಂಗೈಯ ಬೆವರನ್ನು ವಿದ್ಯುತ್ ವಾಹಕತೆಯ ಮೂಲಕ ಅಳೆಯುತ್ತಾರೆ. ಸಾಮಾನ್ಯರಿಗೆ ಕೆಲವು ಸಲದಲ್ಲೇ, ಹಾರ್ನ್ ಇಲ್ಲದೆ ಆ ಬಣ್ಣ ಕಂಡರೂ ಕೈ ಬೆವರುತ್ತದೆ. ಎಸ್.ಎಂ.ಗೆ ಹಾರ್ನ್ ಕೇಳಿದಾಗ ಬೆವರುತ್ತದೆ, ಬಣ್ಣಕ್ಕೆ ಏನೂ ಇಲ್ಲ. ಯಾವ ಬಣ್ಣದ ಜೊತೆ ಹಾರ್ನ್ ಬರುತ್ತದೆ ಎಂದರೆ ಸರಿಯಾಗಿ ಹೇಳುತ್ತಾಳೆ. ಹಿಪೊಕ್ಯಾಂಪಸ್ ಹಾಳಾದ ಎರಡನೇ ರೋಗಿಯಲ್ಲಿ ಪೂರ್ತಿ ಉಲ್ಟಾ: ಬಣ್ಣ ಕಂಡರೆ ಕೈ ಬೆವರುತ್ತದೆ, ಯಾವ ಬಣ್ಣವೆಂದು ಹೇಳಲಾರ. ಎರಡೂ ಹಾಳಾದ ಮೂರನೆಯವನಿಗೆ ಎರಡೂ ಇಲ್ಲ.

ಇಲ್ಲಿ ತಪ್ಪು ಓದುವ ಸಾಧ್ಯತೆ ಹೆಚ್ಚು. ಎಸ್.ಎಂ.ಳ ದೇಹ ಪ್ರತಿಕ್ರಿಯಿಸದ ದೇಹವಲ್ಲ. ಜೋರು ಶಬ್ದಕ್ಕೆ ಅದು ಸ್ಪಂದಿಸುತ್ತದೆ. ಸದ್ಯದ ಪೆಟ್ಟನ್ನು ಮುಂದಿನ ಪೆಟ್ಟಿನ ಮುನ್ಸೂಚನೆಗೆ ಜೋಡಿಸುವ ಕೊಂಡಿ ಕಡಿದಿದೆ. ಭಯದ ಪ್ರಯೋಜನವೆಲ್ಲ ಈ ಕೊಂಡಿಯಲ್ಲಿದೆ ಎನ್ನಬಹುದು. ಹುಲಿ ಮೈಮೇಲೆ ಬಿದ್ದಾಗ ಭಯಪಟ್ಟು ಆಗುವ ಲಾಭ ಅಲ್ಪ. ಪೊದೆ ಅಲುಗಿದಾಗ ಭಯಪಡುವುದೇ ಜೀವ ಉಳಿಸುವುದು.

ಮನೋವೈದ್ಯ ರಾಂಡಾಲ್ಫ್ ನೆಸ್ಸೆ ಇದನ್ನು ಹೊಗೆ ಎಚ್ಚರಿಕೆ ಗಂಟೆಗೆ ಹೋಲಿಸುತ್ತಾರೆ. ರೊಟ್ಟಿ ಸೀದರೂ ಗಂಟೆ ಹೊಡೆದುಕೊಂಡರೆ ಆಗುವ ನಷ್ಟ ಒಂದಿಷ್ಟು ಕಿರಿಕಿರಿ. ಮನೆಗೆ ಬೆಂಕಿ ಬಿದ್ದಾಗ ಒಮ್ಮೆ ಹೊಡೆಯದಿದ್ದರೆ ಎಲ್ಲವೂ ಹೋಯಿತು. ಹೀಗೆ ಎರಡು ತಪ್ಪುಗಳ ಬೆಲೆಯಲ್ಲಿ ಅಜಗಜಾಂತರ ಇರುವುದರಿಂದ ನೈಸರ್ಗಿಕ ಆಯ್ಕೆ ಗಂಟೆಯನ್ನು ಅತಿಸೂಕ್ಷ್ಮವಾಗಿಯೇ ಇಟ್ಟಿದೆ. ಅನಗತ್ಯ ಆತಂಕ ಇಷ್ಟು ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಗಂಟೆ ಕಳಚಿದ ಮನೆಯಲ್ಲಿ ಏನೇನು ಬದಲಾಗುತ್ತದೆ? 2009ರಲ್ಲಿ ಡೇನಿಯಲ್ ಕೆನಡಿ, ಅಡಾಲ್ಫ್ಸ್ ತಂಡ ಆಕೆಯನ್ನು ಅಪರಿಚಿತರತ್ತ ನಡೆಯಲು ಹೇಳಿ, ಹಿತವೆನಿಸಿದ ಕಡೆ ನಿಲ್ಲಿಸಿತು. ಸಾಮಾನ್ಯರು ಸರಾಸರಿ 0.76 ಮೀಟರ್ ದೂರದಲ್ಲಿ ನಿಂತರೆ ಆಕೆ 0.34 ಮೀಟರ್‌ನಲ್ಲಿ ನಿಂತಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದರೂ ಮುಜುಗರವಿಲ್ಲ. ಬೇರೆಯವರಿಗೆ ಅಂತರ ಬೇಕಾಗುತ್ತದೆ ಎಂಬುದು ಮಾತ್ರ ಗೊತ್ತು. ಅದಕ್ಕೂ ಮುಂಚೆ, 1998ರಲ್ಲಿ, ಎರಡೂ ಅಮಿಗ್ಡಲಾ ಕಳೆದುಕೊಂಡ ಮೂವರು, ಇತರರು ನಂಬಲರ್ಹವಲ್ಲ ಎಂದ ಮುಖಗಳನ್ನು ನಂಬಬಹುದು ಎಂದಿದ್ದರು. 2010ರಲ್ಲಿ ಜೂಜಿನ ಪ್ರಯೋಗ: ಗೆಲುವು-ಸೋಲು ಸಮ ಅವಕಾಶದ್ದಾದರೆ, ಹೆಚ್ಚಿನವರು ಸೋಲಬಹುದಾದ ಮೊತ್ತಕ್ಕಿಂತ ಗೆಲ್ಲಬಹುದಾದದ್ದು ಬಹಳ ಹೆಚ್ಚಿರದೆ ಆಡಲೊಪ್ಪುವುದಿಲ್ಲ. ಎಸ್.ಎಂ. ಮತ್ತು ಅಂಥದೇ ಹಾನಿಯ ಇನ್ನೊಬ್ಬ ರೋಗಿಯಲ್ಲಿ ಈ ಹಿಂಜರಿಕೆ ಕಾಣಲಿಲ್ಲ. ಹಾವಿಗೂ ಹಣಕ್ಕೂ ಅಪರಿಚಿತನ ಮುಖಕ್ಕೂ ‘ಜಾಗ್ರತೆ’ ಎನ್ನುವ ಮೂಲ ಒಂದೇ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮುಖವಾಡ ಕಿತ್ತೆಸೆದ ಕ್ಷಣ

ಈ ತನಕದ ಸಾಕ್ಷ್ಯವೆಲ್ಲ ‘ಅಮಿಗ್ಡಲಾ ಇಲ್ಲ, ಆದ್ದರಿಂದ ಭಯ ಇಲ್ಲ’ ಎಂದೇ ಹೇಳುತ್ತಿತ್ತು. 2009ರಲ್ಲಿ ಇಲಿಗಳ ಮೇಲೆ ನಡೆದ ಕೆಲಸವೂ ಅದನ್ನೇ ಬೆಂಬಲಿಸಿತ್ತು: ಇಂಗಾಲದ ಡೈಆಕ್ಸೈಡ್‌ನಿಂದ ಹೆಚ್ಚುವ ಆಮ್ಲೀಯತೆಯನ್ನು ಇಲಿಯ ಅಮಿಗ್ಡಲಾ ತಾನೇ ಗ್ರಹಿಸಿ ಭಯದ ವರ್ತನೆ ಹುಟ್ಟಿಸುತ್ತದೆ ಎಂದು ಅದು ತೋರಿಸಿತ್ತು. ಹಾಗಾದರೆ ಎಸ್.ಎಂ.ಗೆ ಈ ಅನಿಲದಿಂದ ಏನೂ ಆಗಬಾರದು.

ವಿಧಾನ ಹೀಗೆ. ಶೇ. 35 ಇಂಗಾಲದ ಡೈಆಕ್ಸೈಡ್, ಶೇ. 65 ಆಮ್ಲಜನಕದ ಮಿಶ್ರಣವನ್ನು ಮುಖವಾಡದ ಮೂಲಕ ಒಂದೇ ಒಂದು ದೀರ್ಘ ಉಸಿರಾಗಿ ಎಳೆದುಕೊಳ್ಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಈ ಅನಿಲ ಶೇ. 0.04 ಮಾತ್ರ. ಆಮ್ಲಜನಕ ಯಥೇಚ್ಛ ಇರುವುದರಿಂದ ನಿಜವಾದ ಉಸಿರುಗಟ್ಟುವಿಕೆ ಆಗುವುದಿಲ್ಲ; ರಕ್ತದ ಆಮ್ಲೀಯತೆ ಕ್ಷಣದಲ್ಲಿ ಏರಿ, ಉಸಿರುಗಟ್ಟುತ್ತಿದೆ ಎಂಬ ಸಂಕೇತವಷ್ಟೇ ಹೊರಡುತ್ತದೆ. ಪರಿಣಾಮ ಅಲ್ಪಕಾಲದ್ದು. ವೈದ್ಯಕೀಯ ಮೇಲ್ವಿಚಾರಣೆಯ ಸಂಶೋಧನಾ ಕೊಠಡಿಗಷ್ಟೇ ಸೀಮಿತವಾದ ವಿಧಾನ ಇದು.

ಉಸಿರೆಳೆದ ಸ್ವಲ್ಪ ಹೊತ್ತಿಗೇ ಎಸ್.ಎಂ. ಏದುಸಿರು ಬಿಡುತ್ತ ಮುಖವಾಡದತ್ತ ಕೈ ಬೀಸಿದಳು. ಅದನ್ನು ತೆಗೆಯುವಂತೆ ಸಹಾಯ ಬೇಡಿದಳು. ಮೈಯೆಲ್ಲ ಬಿಗಿದು ಬಂದ ಆ ದಿಗಿಲು ತನಗೆ ಹೊಸದೆಂದು ವಿವರಿಸಿದಳು. ಇದೇ ಕಾಯಿಲೆಯ, ಎ.ಎಂ. ಮತ್ತು ಬಿ.ಜಿ. ಎಂಬ ಜರ್ಮನಿಯ ತದ್ರೂಪಿ ಅವಳಿ ಸೋದರಿಯರಿಗೂ ಅದೇ ಆಯಿತು. ಮೂವರಿಗೆ ಮೂವರೂ ಪೂರ್ಣ ಪ್ರಮಾಣದ ಪ್ಯಾನಿಕ್ ದಾಳಿಗೆ, ಅಂದರೆ ಹಠಾತ್ತನೆ ಮೇಲೇರುವ ತೀವ್ರ ದಿಗಿಲಿಗೆ, ಒಳಗಾದರೆ, ಅಮಿಗ್ಡಲಾ ಸುಸ್ಥಿತಿಯಲ್ಲಿದ್ದ 12 ಜನರಲ್ಲಿ ದಾಳಿಯಾದದ್ದು 3 ಜನಕ್ಕೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು.

ವಿವರಣೆ ದಾರಿಗಳ ವ್ಯತ್ಯಾಸದಲ್ಲಿದೆ. ಹಾವು ಹೊರಗಿನ ಅಪಾಯ. ಅದನ್ನು ನೋಡಿ, ಅರ್ಥ ಹಚ್ಚಿ, ದೇಹಕ್ಕೆ ಸುದ್ದಿ ಮುಟ್ಟಿಸಲು ಅಮಿಗ್ಡಲಾ ಬೇಕು. ರಕ್ತದ ಆಮ್ಲೀಯತೆ ಒಳಗಿನ ಅಪಾಯ. ಮಿದುಳುಕಾಂಡದ ಮತ್ತು ಕುತ್ತಿಗೆಯ ರಕ್ತನಾಳದ ರಾಸಾಯನಿಕ ಗ್ರಾಹಕಗಳೇ ಅದನ್ನು ನೇರವಾಗಿ ಗ್ರಹಿಸುತ್ತವೆ. ದಿಗಿಲಿನ ಅನುಭವ ಹುಟ್ಟಲು ಬೇಕಾದ ಉಳಿದ ವ್ಯವಸ್ಥೆ ಎಸ್.ಎಂ.ಳಲ್ಲಿ ಇಷ್ಟು ವರ್ಷ ಸುಮ್ಮನಿತ್ತು, ಸತ್ತಿರಲಿಲ್ಲ. ಆರೋಗ್ಯವಂತರಿಗಿಂತಲೂ ದಾಳಿ ಜೋರಾಗಿದ್ದೇಕೆ? ಅಪಸ್ಮಾರ ರೋಗಿಗಳಲ್ಲಿ ಅಮಿಗ್ಡಲಾವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಉಸಿರು ನಿಲ್ಲುತ್ತದೆ, ಅದು ಅವರ ಗಮನಕ್ಕೂ ಬರುವುದಿಲ್ಲ ಎಂದು 2015ರಲ್ಲಿ ಅಯೋವಾದಲ್ಲೇ ಕಂಡುಬಂತು. ಉಸಿರಾಟದ ದಿಗಿಲಿಗೆ ಅಮಿಗ್ಡಲಾ ಒಂದು ಕಡಿವಾಣವೂ ಆಗಿದ್ದು, ಅದು ಹೋದಾಗ ದಿಗಿಲು ಲಗಾಮಿಲ್ಲದೆ ಏರುತ್ತದೆ ಎಂಬ ಊಹೆಗೆ ಇದರಿಂದ ಬಲ ಬಂದಿದೆ. ಊಹೆ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ಅನಿಲದ ಪ್ರಯೋಗದ ಇನ್ನೊಂದು ಫಲಿತಾಂಶ ಹೆಚ್ಚು ಜನರ ಗಮನ ಸೆಳೆಯಲಿಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಮತ್ತೆ ಅನಿಲ ಎಳೆಯುವ ಸರದಿ ಬಂದಾಗ, ದಾಳಿ ಅನುಭವಿಸಿದ ಆರೋಗ್ಯವಂತರ ಎದೆಬಡಿತ ಅನಿಲ ಬರುವ ಮೊದಲೇ ಏರಿತು. ರೋಗಿಗಳಲ್ಲಿ ಈ ಮುನ್ನಡುಕ ಇರಲಿಲ್ಲ. ಬದುಕಿನಲ್ಲೇ ಅಪರೂಪದ ಭಯ ಅನುಭವಿಸಿದ ಮೇಲೂ ಅದಕ್ಕೆ ಮುಂಚಿತವಾಗಿ ಅಂಜುವುದು ಸಾಧ್ಯವಾಗಲಿಲ್ಲ. ಅನುಭವ ಬೇರೆ, ನಿರೀಕ್ಷೆ ಬೇರೆ. 1995ರ ಹಾರ್ನ್ ಪ್ರಯೋಗ ಹೇಳಿದ್ದೂ ಇದನ್ನೇ.

ಸಿದ್ಧಾಂತಗಳಿಗೆ ಇದರಿಂದ ಆದದ್ದು

1884ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್, ಮೊದಲು ದೇಹ ನಡುಗುತ್ತದೆ, ಆ ನಡುಕದ ಅರಿವೇ ಭಯ ಎಂದಿದ್ದ. ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1927ರಲ್ಲಿ ಇದನ್ನು ತಳ್ಳಿಹಾಕಿದ: ದೇಹದ ಬದಲಾವಣೆ ನಿಧಾನ, ಎಲ್ಲ ಭಾವಗಳಲ್ಲೂ ಹೆಚ್ಚುಕಡಿಮೆ ಒಂದೇ. ಅನಿಲದ ಪ್ರಯೋಗ ಜೇಮ್ಸನ ಕಡೆಗೆ ವಾಲುತ್ತದೆ, ದೇಹದ ಸ್ಥಿತಿಯೊಂದೇ ಭಯ ಹುಟ್ಟಿಸಿತಲ್ಲ. ಪೂರ್ತಿ ಅವನ ಪರವೂ ಅಲ್ಲ. 2016ರಲ್ಲಿ ಅವಳಿಗಳಿಬ್ಬರಿಗೂ ಹೃದಯಬಡಿತ ಏರಿಸುವ ಐಸೊಪ್ರೊಟೆರಿನಾಲ್ ಔಷಧಿ ಕೊಟ್ಟಾಗ ಇಬ್ಬರಿಗೂ ಆತಂಕವಾಯಿತು, ಆದರೆ ಪ್ಯಾನಿಕ್ ದಾಳಿಯಾದದ್ದು ಬಿ.ಜಿ.ಗೆ ಮಾತ್ರ. ಎ.ಎಂ.ಗೆ ಉಸಿರಾಟದ ಕಷ್ಟವೇ ಅರಿವಿಗೆ ಬಂದಿರಲಿಲ್ಲ. ದೇಹ ಬದಲಾದರೆ ಸಾಲದು, ಬದಲಾವಣೆ ಗಮನಕ್ಕೆ ಬರಬೇಕು.

ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಲ್ಲಿ ಅಮಿಗ್ಡಲಾದ ದಾರಿಗಳನ್ನು ಗುರುತಿಸಿ ಪ್ರಸಿದ್ಧರಾದವರು; ಆ ಅಂಗ ‘ಭಯದ ಕೇಂದ್ರ’ ಎಂದು ಜನಪ್ರಿಯವಾದದ್ದರಲ್ಲಿ ಅವರ ಕೆಲಸದ ಪಾಲು ದೊಡ್ಡದು. ಅವರೇ ಆಮೇಲೆ, ಬೆದರಿಕೆಗೆ ಸ್ಪಂದಿಸುವ ಮಂಡಲ ಬೇರೆ, ಭಯದ ಪ್ರಜ್ಞಾಪೂರ್ವಕ ಅನುಭವ ಬೇರೆ, ಎರಡಕ್ಕೂ ಒಂದೇ ಪದ ಬಳಸುವುದೇ ಗೊಂದಲಕ್ಕೆ ಮೂಲ ಎಂದರು. ಎಸ್.ಎಂ. ಪ್ರಕರಣ ಈ ವಿಂಗಡಣೆಗೆ ಹೊಂದುತ್ತದೆ.

ಮಿತಿಗಳೂ ಹಗುರವಲ್ಲ. ಬಾಲ್ಯದಲ್ಲೇ ಶುರುವಾದ ಹಾನಿಗೆ ಮಿದುಳು ಎಷ್ಟೋ ರೀತಿ ಹೊಂದಿಕೊಂಡಿರುತ್ತದೆ. ವಯಸ್ಕರಲ್ಲಿ ಆದ ಹಾನಿಗೆ ಇದೇ ಚಿತ್ರ ಅನ್ವಯಿಸಬೇಕೆಂದಿಲ್ಲ. ಒಂದೇ ಜೀನ್, ಒಂದೇ ಬಗೆಯ ಹಾನಿ ಇದ್ದೂ ಅವಳಿಗಳಲ್ಲಿ ಬಿ.ಜಿ. ಭಯದ ಮುಖಗಳನ್ನು ಎ.ಎಂ.ಗಿಂತ ಚೆನ್ನಾಗಿ ಗುರುತಿಸುತ್ತಾಳೆ. ದಕ್ಷಿಣ ಆಫ್ರಿಕಾದಲ್ಲಿ ಇದೇ ಕಾಯಿಲೆಯಿಂದ ಅಮಿಗ್ಡಲಾದ ತಳ-ಪಾರ್ಶ್ವ ಭಾಗವಷ್ಟೇ ಹಾಳಾದವರಿದ್ದಾರೆ. ಅವರು ಭಯದ ಮುಖಗಳಿಗೆ ಅತಿಯಾಗಿ ಸ್ಪಂದಿಸುತ್ತಾರೆ ಎಂದು 2012ರಲ್ಲಿ ಡೇವಿಡ್ ಟರ್ಬರ್ಗ್ ತಂಡ ವರದಿ ಮಾಡಿತು. ಒಂದು ಭಾಗ ಹೋದರೆ ಭಯ ಹೆಚ್ಚು, ಇಡೀ ಅಂಗ ಹೋದರೆ ಭಯ ಇಲ್ಲ ಎಂದಾದರೆ ‘ಅಮಿಗ್ಡಲಾ ಕ್ರಿಯಾಶೀಲವಾಯಿತು, ಆದ್ದರಿಂದ ಭಯಪಟ್ಟರು’ ಎಂಬ ಸ್ಕ್ಯಾನ್ ಆಧರಿತ ಸುದ್ದಿಗಳನ್ನು ಅಷ್ಟು ಸಲೀಸಾಗಿ ನಂಬಲಾಗದು.

ಚಿಕಿತ್ಸೆಯ ವಿಷಯದಲ್ಲಿ ಪ್ರಕರಣ ಎರಡು ಕಡೆ ಉಪಯೋಗಕ್ಕೆ ಬರುತ್ತಿದೆ. ಅಷ್ಟೆಲ್ಲ ಹಲ್ಲೆಗಳ ನಂತರವೂ ಎಸ್.ಎಂ.ಗೆ ಆಘಾತೋತ್ತರ ಒತ್ತಡದ ಕಾಯಿಲೆ ಬರಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಮಿದುಳಿಗೆ ಗಾಯವಾದ ಅಮೆರಿಕದ ಸೈನಿಕರ 2008ರ ಅಧ್ಯಯನದಲ್ಲೂ, ಅಮಿಗ್ಡಲಾಗೆ ಪೆಟ್ಟಾಗಿದ್ದವರಲ್ಲಿ ಒಬ್ಬರಿಗೂ ಆ ಕಾಯಿಲೆ ಇರಲಿಲ್ಲ. ಪ್ಯಾನಿಕ್ ದಾಳಿಗಳು ಪದೇ ಪದೇ ಬರುವವರ ವಿಚಾರ ಬೇರೆ. ಅವರ ಪ್ರಚೋದನೆ ಎಷ್ಟೋ ಸಲ ಹೊರಗಿರುವುದಿಲ್ಲ, ಉಸಿರು ಮತ್ತು ಎದೆಬಡಿತದಲ್ಲಿರುತ್ತದೆ. ಅಂಥವರಿಗೆ ಹೊರಗಿನ ವಸ್ತುವನ್ನು ಎದುರಿಸುವ ಅಭ್ಯಾಸಕ್ಕಿಂತ, ಚಿಕಿತ್ಸಕರ ಎದುರಿಗೆ ಬೇಕೆಂದೇ ವೇಗವಾಗಿ ಉಸಿರಾಡಿ, ಸಣ್ಣ ಕೊಳವೆಯ ಮೂಲಕ ಉಸಿರೆಳೆದು, ನಿಂತಲ್ಲೇ ಓಡಿ, ಒಳಗಿನ ಆ ಸಂವೇದನೆಗಳಿಗೇ ಒಗ್ಗಿಕೊಳ್ಳುವ ಅಭ್ಯಾಸ ಹೆಚ್ಚು ಸೂಕ್ತ.